ಅರವತ್ತು ಸಾವಿರದ ಆಟದ ಗಣಕಯಂತ್ರ

ಮಕ್ಕಳ ಆಟದ ಸಾಮಾನುಗಳ ಬಗ್ಗೆ ಹಿರಿಯರು ಲೇಖನಿ ಹಿಡಿಯುವುದು ಅಪರೂಪ. ಹಿಡಿದರೂ ಅದು ಹೆಚ್ಚಾಗಿ ನಿಷೇಧದ ಮಾತೇ ಆಗಿರುತ್ತದೆ. ಆಟದಿಂದ ಕಣ್ಣು ಕೆಡುತ್ತದೆ, ಓದು ಕೆಡುತ್ತದೆ, ಮನೆ ಕೆಡುತ್ತದೆ ಎಂದು ಬರೆದು ಮುಗಿಸುವುದು ಸುಲಭ. ಆದರೆ ಇಂದು ನಮ್ಮ ಸಮಾಜದ ನೌಕರಿಯ ಮನೆಗಳಲ್ಲಿ ಮಾತ್ರವಲ್ಲ, ಒಕ್ಕಲುತನದ ಮನೆಗಳಲ್ಲಿಯೂ ಹದಿನಾರು ಹದಿನೇಳರ ಮಕ್ಕಳು ಆಟಕ್ಕೆಂದೇ ಜೋಡಿಸಿದ ಗಣಕಯಂತ್ರವನ್ನು ಕೇಳುತ್ತಿದ್ದಾರೆ. ತಂದೆತಾಯಿಗಳು ಒಂದೋ ಸಾರಾಸಗಟಾಗಿ ಬೇಡವೆನ್ನುತ್ತಾರೆ, ಇಲ್ಲವೇ ಅಂಗಡಿಯವನು ಹೇಳಿದಷ್ಟು ಹಣವನ್ನು ಎಣಿಸಿಕೊಟ್ಟು ಬರುತ್ತಾರೆ. ಬಿಡಿಭಾಗಗಳ ಗುಣವನ್ನು ತಿಳಿದು, ಒಂದೊಂದನ್ನೇ ಆರಿಸಿ, ಕೈಯಲ್ಲಿರುವ ಹಣದೊಳಗೆ ಜೋಡಿಸುವ ಮತ್ತೊಂದು ದಾರಿಯುಂಟು. ಆ ದಾರಿಯನ್ನು ನಾವು ಸ್ವತಃ ನಡೆದು ನೋಡಿದ್ದರಿಂದ ಕೆಲವು ಮಾತುಗಳನ್ನು ಓದುಗ ಬಂಧುಗಳ ಮುಂದೆ ಇಡಬೇಕೆನಿಸಿದೆ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಅಲಂಕಾರಗಳನ್ನು ಓದಿದವರಿಗೂ ಗಣಕಯಂತ್ರದ ಪ್ರೊಸೆಸರಿಗೂ ಎಲ್ಲಿಯ ಸಂಬಂಧವೆಂದು ಬಲ್ಲವರು ನಗಬಹುದು. ನಗಲಿ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯದ ಜೀವವೇ ಔಚಿತ್ಯವೆಂದು ಸಾಧಿಸಿದವನು. ಯಾವ ಅಂಗವೂ ತನ್ನಷ್ಟಕ್ಕೆ ಚೆಲುವಲ್ಲ, ಉಳಿದ ಅಂಗಗಳೊಡನೆ ಹೊಂದಿದಾಗಲೇ ಚೆಲುವು ಎಂಬ ಆ ವಿಚಾರವನ್ನು ನಲವತ್ತು ವರ್ಷ ಪಾಠ ಹೇಳಿದ ನಮಗೆ, ಈ ಯಂತ್ರದ ಮುಂದೆ ಕುಳಿತಾಗ ಅಪರಿಚಿತ ಊರಿನಲ್ಲಿ ಪರಿಚಿತ ಮುಖವೊಂದು ಸಿಕ್ಕಂತಾಯಿತು.

ಸಂಗತಿ 2024ನೆಯ ಇಸವಿಯದು. ನಮ್ಮ ತಮ್ಮನ ಮಗ ಹಾವೇರಿ ಜಿಲ್ಲೆಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. ಮೆಣಸಿನಕಾಯಿಯೇ ಅವನ ಮುಖ್ಯ ಬೆಳೆ. ಪಿಯುಸಿ ಎರಡನೆಯ ವರ್ಷದಲ್ಲಿ ನೂರಕ್ಕೆ ಎಂಬತ್ತೈದರ ಮೇಲೆ ಅಂಕ ತಂದರೆ ಒಂದು ಲಕ್ಷ ರೂಪಾಯಿಯೊಳಗೆ ಬೇಕಾದ ಗಣಕಯಂತ್ರ ಕೊಡಿಸುವೆನೆಂದು ಅವನು ಮಗನಿಗೆ ಮಾತು ಕೊಟ್ಟಿದ್ದ. ಆ ವರ್ಷ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಬೆಲೆ ಕುಸಿದದ್ದು, ಮಾರ್ಚ್ 11ರಂದು ರೈತರು ರೊಚ್ಚಿಗೆದ್ದು ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ಪತ್ರಿಕೆಗಳಲ್ಲೆಲ್ಲ ಬಂದ ಸುದ್ದಿ. ನಮ್ಮವನು ಆ ಗಲಾಟೆಯಲ್ಲಿ ಇರಲಿಲ್ಲ. ಆದರೆ ಅವನ ಚೀಲಗಳೂ ಅದೇ ಬೆಲೆಗೆ ಹೋದವು. ಏಪ್ರಿಲ್‌ನಲ್ಲಿ ಫಲಿತಾಂಶ ಬಂತು. ಹುಡುಗ ಎಂಬತ್ತೊಂಬತ್ತು ತಂದಿದ್ದ.

“ದೊಡ್ಡಪ್ಪಾರ, ಮಾತು ಕೊಟ್ಟೀನಿ, ರೊಕ್ಕ ಮಾತ್ರ ಇಲ್ಲ. ಅರವತ್ತು ಸಾವಿರ ಹೊಂದಿಸಬಹುದು, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಆಗೂದಿಲ್ಲ. ಅಷ್ಟರಾಗ ಆಗ್ತೈತಿ ಅಂದ್ರ ಕೊಡಸ್ತೀನಿ, ಇಲ್ಲಂದ್ರ ನೀವ ಅವಂಗ ತಿಳಿಸಿ ಹೇಳ್ರಿ” ಎಂದು ಅವನು ಧಾರವಾಡದ ನಮ್ಮ ಮನೆಗೆ ಬಂದು ಕುಳಿತ. ಕೊಟ್ಟ ಮಾತು ಉಳಿಯಬೇಕು, ಮುಂದಿನ ಬಿತ್ತನೆಗೆ ತೆಗೆದಿಟ್ಟ ಹಣಕ್ಕೆ ಕೈ ಹಚ್ಚಬಾರದು. ಮಗನ ಮುಂದೆ ತಂದೆಯ ಮಾತಿನ ಬೆಲೆ ಎಷ್ಟೆಂಬುದು ಆ ಅರವತ್ತು ಸಾವಿರದಲ್ಲಿ ಅಡಗಿತ್ತು. ಅವನಿಗೆ ಇನ್ನೊಂದು ಭಯವೂ ಇತ್ತು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳಿಂದ ಮನೆ ಕಳೆದುಕೊಂಡವರ ಕಥೆಗಳನ್ನು ಅವನು ಕೇಳಿದ್ದ. ಅಂತಹ ಹಣದ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. 2024ರಲ್ಲಿ ಅದು ಇರಲಿಲ್ಲ. ಆದ್ದರಿಂದ ನಾವು ಮೊದಲು ಮಾಡಿದ ಕೆಲಸವೆಂದರೆ ಹುಡುಗನನ್ನು ಕರೆಸಿ, ಯಾವ ಯಾವ ಆಟ ಆಡಬೇಕೆಂದಿರುವೆ, ಹಾಳೆಯ ಮೇಲೆ ಬರೆ ಎಂದು ಹೇಳಿದ್ದು.

ಅವನು ನಾಲ್ಕು ಹೆಸರು ಬರೆದ. ವ್ಯಾಲೊರೆಂಟ್ ಎಂಬುದು ಗೆಳೆಯರೊಡನೆ ಕೂಡಿ ಆಡುವ ಆಟ, ಪುಕ್ಕಟೆ ಸಿಗುವಂಥದು. ಜಿಟಿಎ 5 ಮತ್ತು ರೆಡ್ ಡೆಡ್ ರಿಡೆಂಪ್ಶನ್ 2 ಎಂಬವು ದೊಡ್ಡ ದೊಡ್ಡ ಊರು ಕಾಡುಗಳನ್ನು ಚಿತ್ರಿಸುವ ಭಾರವಾದ ಆಟಗಳು. ನಾಲ್ಕನೆಯದು ರಾಜಿ, ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ತಂಡ 2020ರಲ್ಲಿ ಹೊರತಂದ, ನಮ್ಮ ಪುರಾಣಗಳನ್ನು ಆಧರಿಸಿದ ಆಟ. ಇವುಗಳಲ್ಲಿ ಯಾವುದರಲ್ಲಿಯೂ ಹಣ ಕಟ್ಟಿ ಗೆಲ್ಲುವ ಜೂಜಿಲ್ಲವೆಂದು ತಂದೆಗೆ ಹೇಳಿದಾಗ ಅವನ ಮುಖ ಸ್ವಲ್ಪ ಸಡಿಲವಾಯಿತು. ಈ ಪಟ್ಟಿಯಿಲ್ಲದೆ ಯಾರೂ ಅಂಗಡಿಯ ಮೆಟ್ಟಿಲು ಹತ್ತಬಾರದು. ಹೊಲದಲ್ಲಿ ಏನು ಬಿತ್ತುವೆವೆಂದು ತಿಳಿಯದೆ ಕೂರಿಗೆ ಕೊಳ್ಳುವುದುಂಟೇ?

ಹುಬ್ಬಳ್ಳಿಯ ಅಂಗಡಿಯೊಂದು ಅದಾಗಲೇ ಹುಡುಗನಿಗೆ ಒಂದು ಚೀಟಿ ಬರೆದುಕೊಟ್ಟಿತ್ತು. ಕೋರ್ ಐ7 ಪ್ರೊಸೆಸರ್, 16 ಜಿಬಿ ರ್‍ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣಬಣ್ಣದ ದೀಪ ಉರಿಯುವ ಗಾಜಿನ ಕ್ಯಾಬಿನೆಟ್, ಎಲ್ಲ ಸೇರಿ 45,000 ರೂಪಾಯಿ. ತಂದೆಗೆ ಇದು ಬಲು ಅಗ್ಗವೆನಿಸಿತ್ತು. ಚೀಟಿಯನ್ನು ಹಿಡಿದು ನಾವು ಫೋನಿನಲ್ಲಿ ಎರಡೇ ಪ್ರಶ್ನೆ ಕೇಳಿದೆವು: ಐ7 ಎಂಬುದರ ಮುಂದಿನ ಸಂಖ್ಯೆ ಯಾವುದು? ಗ್ರಾಫಿಕ್ಸ್ ಕಾರ್ಡಿನ ಹೆಸರೇನು? ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಐ7-3770 ಎಂದೂ ಜಿಟಿ 730 ಎಂದೂ ತಿಳಿಯಿತು.

ಇದರ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಐ3, ಐ5, ಐ7 ಎಂಬವು ಒಂದು ತಲೆಮಾರಿನೊಳಗಿನ ಅಣ್ಣತಮ್ಮಂದಿರ ಹೆಸರುಗಳೇ ಹೊರತು ಎಲ್ಲ ಕಾಲಕ್ಕೂ ಸಲ್ಲುವ ಪದವಿಗಳಲ್ಲ. 3770 ಎಂಬುದರ ಮೊದಲಿನ 3 ಅದು ಮೂರನೆಯ ತಲೆಮಾರಿನದೆಂದು ಹೇಳುತ್ತದೆ. ಅದು 2012ರಲ್ಲಿ ಬಂದದ್ದು. 2022ರ ಜನವರಿಯಲ್ಲಿ ಬಂದ ಐ3-12100 ಎಂಬ ಕಿರಿಯನಿಗೂ ಅದರಂತೆಯೇ ನಾಲ್ಕು ಕೋರುಗಳು, ಎಂಟು ಥ್ರೆಡ್ಡುಗಳು. ಆದರೆ ಕೆಲಸದ ವೇಗದಲ್ಲಿ ಕಿರಿಯನು ಆ ಹಿರಿಯನನ್ನು ಬಹುದೂರ ಹಿಂದೆ ಹಾಕುತ್ತಾನೆ. ಕಚೇರಿಗಳಿಂದ ಹೊರಬಿದ್ದ ಹಳೆಯ ಪ್ರೊಸೆಸರುಗಳನ್ನು ತಂದು, ಅಗ್ಗದ ಹೊಸ ಮದರ್‌ಬೋರ್ಡಿಗೆ ಕೂರಿಸಿ, ಐ7 ಎಂಬ ಹೆಸರಿನ ಬಲದಿಂದ ಮಾರುವ ವ್ಯಾಪಾರ ನಮ್ಮಲ್ಲಿ ಹುಲುಸಾಗಿ ನಡೆದಿದೆ. ಜಿಟಿ 730 ಎಂಬುದು 2014ರ ಕಾರ್ಡು, ಅದರ ಕಾಲಕ್ಕೂ ಅದು ಕೆಳಗಿನ ಮೆಟ್ಟಿಲಿನದೇ. ಅದಕ್ಕೆ 4 ಜಿಬಿ ನೆನಪು ಕೂಡಿಸಿದ್ದು ಕುಂಟೆತ್ತಿಗೆ ದೊಡ್ಡ ಗಾಡಿ ಕಟ್ಟಿದಂತೆ. ಆ ಪ್ರೊಸೆಸರಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಚೀಟಿಯನ್ನು ನಂಬಿದ್ದರೆ ಒಂದೂವರೆ ವರ್ಷದೊಳಗೆ ಮನೆಯಲ್ಲಿ ದೀಪ ಉರಿಯುವ ಗಾಜಿನ ಪೆಟ್ಟಿಗೆಯೊಂದು ಉಳಿಯುತ್ತಿತ್ತು.

ಇನ್ನು ಆಯ್ಕೆಯ ಮಾತು. ಆಟವೆಂದರೆ ಪರದೆಯ ಮೇಲೆ ಚಿತ್ರಗಳ ಪ್ರವಾಹ. ಸಾಧಾರಣ ಮಾನಿಟರಿನ ಒಂದು ಚಿತ್ರದಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳು, ಒಟ್ಟು 20,73,600. ಆಟ ತಡವರಿಸದೆ ಸಾಗಬೇಕಾದರೆ ಸೆಕೆಂಡಿಗೆ ಕನಿಷ್ಠ ಅರವತ್ತು ಚಿತ್ರಗಳಾದರೂ ಬೇಕು. ಅಂದರೆ ಪ್ರತಿ ಸೆಕೆಂಡಿಗೆ ಹನ್ನೆರಡು ಕೋಟಿಗೂ ಮಿಕ್ಕ ಚುಕ್ಕೆಗಳಿಗೆ ಬಣ್ಣ ತುಂಬಬೇಕು. ಈ ಚಿತ್ರಕಾರನ ಕೆಲಸ ಮಾಡುವುದು ಗ್ರಾಫಿಕ್ಸ್ ಕಾರ್ಡು. ಯಾರು ಎಲ್ಲಿ ನಿಂತಿದ್ದಾರೆ, ಚೆಂಡು ಎತ್ತ ಹೋಯಿತು ಎಂಬ ಲೆಕ್ಕವೆಲ್ಲ ಪ್ರೊಸೆಸರಿನದು. ರ್‍ಯಾಮ್ ಎಂಬುದು ಕೆಲಸ ನಡೆಯುವ ಅಂಗಳ, ಎಸ್‌ಎಸ್‌ಡಿ ಎಂಬುದು ಕಣಜ. ಲೆಕ್ಕಿಗನು ನಿಧಾನಿಯಾದರೆ ಚಿತ್ರಕಾರನು ಕೈಕಟ್ಟಿ ಕೂರುತ್ತಾನೆ. ಚಿತ್ರಕಾರನು ನಿಧಾನಿಯಾದರೆ ಲೆಕ್ಕಿಗನ ಚುರುಕು ವ್ಯರ್ಥ. ಕೊಳವೆಬಾವಿಯಲ್ಲಿ ನಾಲ್ಕಿಂಚು ನೀರಿದ್ದರೂ ಮೇಲಕ್ಕೆ ತರುವ ಪೈಪು ಒಂದಿಂಚಿನದಾದರೆ ಹೊಲಕ್ಕೆ ಸಿಗುವುದು ಒಂದಿಂಚಿನ ನೀರೇ.

ಆದ್ದರಿಂದ ಒಟ್ಟು ಹಣದ ಮೂರರಲ್ಲಿ ಒಂದು ಪಾಲನ್ನು ಗ್ರಾಫಿಕ್ಸ್ ಕಾರ್ಡಿಗೆ ಮೀಸಲಿಟ್ಟೆವು. ಅಷ್ಟರಲ್ಲಿ ಎಎಂಡಿ ಕಂಪನಿಯ ರೇಡಿಯಾನ್ ಆರ್‌ಎಕ್ಸ್ 6600 ಸಿಗುತ್ತಿತ್ತು. 2021ರ ಅಕ್ಟೋಬರ್‌ನಲ್ಲಿ ಬಂದ ಈ ಕಾರ್ಡಿಗೆ 8 ಜಿಬಿ ನೆನಪು; ವಿದ್ಯುತ್ತು ಹೆಚ್ಚೆಂದರೆ 132 ವಾಟ್. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050 ಕೂಡ ನಮ್ಮ ಕೈಗೆ ಎಟುಕುವಂತಿತ್ತು. ಇಲ್ಲಿ ಒಂದು ಎಚ್ಚರಿಕೆ: 3050 ಎಂಬ ಒಂದೇ ಹೆಸರಿನಲ್ಲಿ 8 ಜಿಬಿಯ ಕಾರ್ಡೂ ಇದೆ, 2024ರ ಫೆಬ್ರವರಿಯಲ್ಲಿ ಬಂದ 6 ಜಿಬಿಯ ಕಾರ್ಡೂ ಇದೆ. ಎರಡನೆಯದರಲ್ಲಿ ಕಡಿಮೆಯಾದದ್ದು ನೆನಪಷ್ಟೇ ಅಲ್ಲ. ಒಳಗಿನ ಕೋರುಗಳೂ ಕಡಿಮೆ, ನೆನಪಿಗೆ ಹೋಗುವ ದಾರಿಯೂ ಕಿರಿದು. ಒಂದೇ ಹೆಸರಿಟ್ಟು ಬೇರೆ ವಸ್ತುವನ್ನು ಮಾರುವ ಈ ಪದ್ಧತಿ ನಮಗೆ ಹಿಡಿಸಲಿಲ್ಲ. ಎರಡರಲ್ಲಿ ಯಾವುದಕ್ಕೂ ಆರ್‌ಎಕ್ಸ್ 6600ರಷ್ಟು ಆಟದ ವೇಗವಿಲ್ಲವೆಂಬುದೂ ಪರೀಕ್ಷಿಸಿದವರ ಬರಹಗಳಿಂದ ಸ್ಪಷ್ಟವಾಗಿತ್ತು.

ಬಳಸಿದ ಕಾರ್ಡುಗಳ ಮಾತೂ ಬಂತು. ಇಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡುಗಳಿಂದ ಗಣಿಗಾರಿಕೆ ಮಾಡುವ ಪದ್ಧತಿ 2022ರ ಸೆಪ್ಟೆಂಬರ್‌ನಲ್ಲಿ ಕೊನೆಗೊಂಡಿತು. ಹಗಲಿರುಳು ದುಡಿದ ಅಂಥ ಕಾರ್ಡುಗಳೆಲ್ಲ ಹಳೆಯ ಸಾಮಾನಿನ ಪೇಟೆಗೆ ಬಂದವು. ಅವೆಲ್ಲ ಕೆಟ್ಟವೆಂದು ಹೇಳಲಾಗದು. ಆದರೆ ಖಾತರಿಯಿಲ್ಲದ ವಸ್ತುವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಬಲ್ಲವನು ಮನೆಯಲ್ಲಿದ್ದರೆ ಮಾತ್ರ ಆ ದಾರಿ ಸರಿ. ಒಕ್ಕಲಿಗನ ಮನೆಗೆ ಮೂರು ವರ್ಷದ ಖಾತರಿಯೇ ಮೇಲು.

ಪ್ರೊಸೆಸರಿನ ವಿಷಯದಲ್ಲಿ ಮನೆಯಲ್ಲೇ ಸಣ್ಣ ಚರ್ಚೆಯಾಯಿತು. ಐ3-12100ಎಫ್ ತೆಗೆದುಕೊಂಡರೆ ಮೂರು ನಾಲ್ಕು ಸಾವಿರ ಉಳಿಯುತ್ತಿತ್ತು. ಆಟಕ್ಕೆ ಅದು ಸಾಕೆಂದು ಹುಡುಗನೇ ಒಪ್ಪಿದ. ಅಷ್ಟರಲ್ಲಿ ಅವನ ಅಕ್ಕ, ಬಿ.ಎಸ್ಸಿ. ಓದುತ್ತಿದ್ದವಳು, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು: “ಬರೇ ಆಟಕ್ಕ ಅಂತ ಯಾಕ ಬರೀತೀರಿ ಅಜ್ಜಾರ? ನಾನೂ ಅದರ ಮುಂದ ಕೂಡ್ತೀನಿ. ನನಗ ಪ್ರೋಗ್ರಾಮಿಂಗ್ ಕಲೀಬೇಕಾಗೇತಿ, ಕಾಲೇಜಿನ್ಯಾಗ ವಾರಕ್ಕ ಒಂದು ತಾಸು ಸಿಗ್ತೈತಿ.” ಆವರೆಗೆ ಆ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಅಂಕ ತಂದರೆ ಕೊಡಿಸುವೆನೆಂಬ ಮಾತನ್ನು ಅವಳ ಪಾಲಿಗೆ ಯಾರೂ ಆಡಿರಲಿಲ್ಲವೆಂಬುದು ಅವಳ ತಂದೆಗೂ ಆಗಲೇ ಹೊಳೆದಿರಬೇಕು. ಅವನು ನೆಲ ನೋಡುತ್ತ ಕುಳಿತ. ಹೀಗಾಗಿ ನಾಲ್ಕು ಕೋರಿನ ಬದಲು ಆರು ಕೋರು, ಹನ್ನೆರಡು ಥ್ರೆಡ್ಡಿನ ರೈಜನ್ 5 5600 ಎಂಬುದು ನಿಶ್ಚಯವಾಯಿತು. ಇದಕ್ಕೆ ಬಿ450 ಜಾತಿಯ ಮದರ್‌ಬೋರ್ಡು ಹೊಂದುತ್ತದೆ. ಆದರೆ ಆ ಬೋರ್ಡು ಈ ಪ್ರೊಸೆಸರಿಗಿಂತ ಹಳೆಯದಾದ್ದರಿಂದ, ಡಬ್ಬದ ಮೇಲೆ ರೈಜನ್ 5000 ಸರಣಿಗೆ ಸಿದ್ಧವೆಂಬ ಚೀಟಿ ಇರುವುದನ್ನು ನೋಡಿಯೇ ಕೊಳ್ಳಬೇಕು. ಇಲ್ಲವಾದರೆ ಅದರ ಬಯಾಸ್ ತಂತ್ರಾಂಶವನ್ನು ನವೀಕರಿಸುವವರೆಗೆ ಯಂತ್ರ ಎಚ್ಚರಗೊಳ್ಳುವುದೇ ಇಲ್ಲ.

ಉಳಿದ ಹಣ ಹಂಚುವಾಗ ನಾವು ಒಂದು ವಿಂಗಡಣೆ ಮಾಡಿಕೊಂಡೆವು. ಯಾವುದನ್ನು ಮುಂದೆ ಸುಲಭವಾಗಿ ಕೂಡಿಸಬಹುದೋ ಅದನ್ನು ಈಗ ಚಿಕ್ಕದಾಗಿ ಕೊಳ್ಳುವುದು. ಯಾವುದು ಕೆಟ್ಟರೆ ಉಳಿದವನ್ನೂ ಕೆಡಿಸುವುದೋ ಅದರಲ್ಲಿ ಜಿಪುಣತನ ಮಾಡದಿರುವುದು. ಹುಡುಗನಿಗೆ 1 ಟಿಬಿ ಎಸ್‌ಎಸ್‌ಡಿ ಬೇಕಿತ್ತು. ರೆಡ್ ಡೆಡ್ ಒಂದೇ ಆಟಕ್ಕೆ 150 ಜಿಬಿ ಜಾಗ ಬೇಕೆಂಬುದು ನಿಜ. ಆದರೂ 500 ಜಿಬಿಯದೇ ಸಾಕೆಂದೆವು; ಒಂದು ಆಟ ಮುಗಿಸಿ ಅಳಿಸಿ ಮತ್ತೊಂದನ್ನು ಹಾಕಿಕೊಳ್ಳಬಹುದು, ಮುಂದಿನ ಸುಗ್ಗಿಗೆ ಇನ್ನೊಂದನ್ನು ಕೂಡಿಸಬಹುದು. ರ್‍ಯಾಮ್ 16 ಜಿಬಿ. ಅದೂ 16ರ ಒಂದು ಪಟ್ಟಿಯಲ್ಲ, 8ರ ಎರಡು ಪಟ್ಟಿ. ಎರಡು ಪಟ್ಟಿ ಇದ್ದರೆ ಪ್ರೊಸೆಸರು ಎರಡು ದಾರಿಯಿಂದ ಏಕಕಾಲಕ್ಕೆ ಸಾಮಾನು ತರಬಲ್ಲದು. ಜೋಡೆತ್ತಿನ ನೇಗಿಲು ಕಂಡವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಈ ಇಡೀ ವ್ಯವಹಾರದಲ್ಲಿ ಎಲ್ಲರೂ ಕಡೆಗಣಿಸುವ, ನಮ್ಮ ಮಟ್ಟಿಗೆ ಅತ್ಯಂತ ಗೌರವಕ್ಕೆ ಪಾತ್ರವಾದ ಭಾಗವೆಂದರೆ ಎಸ್‌ಎಂಪಿಎಸ್. ಗೋಡೆಯ 230 ವೋಲ್ಟಿನ ವಿದ್ಯುತ್ತನ್ನು 12 ವೋಲ್ಟು ಮೊದಲಾದ ಹದಕ್ಕೆ ಇಳಿಸಿ ಎಲ್ಲ ಭಾಗಗಳಿಗೂ ಉಣಬಡಿಸುವುದು ಇದೇ. ಪೆಟ್ಟಿಗೆಯ ಮೂಲೆಯಲ್ಲಿ ಕತ್ತಲಲ್ಲಿ ಕುಳಿತಿರುತ್ತದೆ. ದೀಪವಿಲ್ಲ, ಹೊಳಪಿಲ್ಲ, ಆಟದ ವೇಗವನ್ನು ಅದು ಒಂದು ಗುಂಜಿಯಷ್ಟೂ ಹೆಚ್ಚಿಸುವುದಿಲ್ಲ. ಅದಕ್ಕೇ ಅಂಗಡಿಯವರು ಲಾಭ ಗಿಟ್ಟಿಸಲು ಮೊದಲು ಕತ್ತರಿ ಹಾಕುವುದು ಇದಕ್ಕೆ. ಕ್ಯಾಬಿನೆಟ್ಟಿನೊಡನೆ ಪುಕ್ಕಟೆ ಬರುವ, 450 ವಾಟ್ ಎಂದು ಮೈಮೇಲೆ ಬರೆದುಕೊಂಡಿರುವ ಎಷ್ಟೋ ಎಸ್‌ಎಂಪಿಎಸ್‌ಗಳು ಅದರ ಅರ್ಧದಷ್ಟು ಹೊರೆಯನ್ನೂ ನೆಮ್ಮದಿಯಿಂದ ಹೊರಲಾರವು. ಕೆಟ್ಟರೆ ತಾವೊಂದೇ ಕೆಡದೆ, ಇಪ್ಪತ್ತು ಸಾವಿರದ ಕಾರ್ಡನ್ನೂ ಜೊತೆಗೆ ಕರೆದೊಯ್ಯಬಲ್ಲವು. ನಮ್ಮ ಜೋಡಣೆಗೆ ಪ್ರೊಸೆಸರಿನ ಅಂಕಿತ 65 ವಾಟ್, ಕಾರ್ಡಿನದು 132 ವಾಟ್. ಉಳಿದದ್ದೆಲ್ಲ ಸೇರಿ ಮುನ್ನೂರನ್ನು ದಾಟದು. ಹೆಸರುಳ್ಳ ಕಂಪನಿಯ 550 ವಾಟಿನದು, 80 ಪ್ಲಸ್ ಬ್ರಾಂಜ್ ಮುದ್ರೆಯುಳ್ಳದ್ದು, ಧಾರಾಳವಾಗಿ ಸಾಕು. ಆ ಮುದ್ರೆ ಹೇಳುವುದು ಎಷ್ಟು ವಿದ್ಯುತ್ತು ಶಾಖವಾಗಿ ಪೋಲಾಗುವುದಿಲ್ಲ ಎಂಬುದನ್ನು ಮಾತ್ರ. ಒಳಗಿನ ರಕ್ಷಣೆಗೆ ಅದು ಜಾಮೀನಲ್ಲ. ಆದ್ದರಿಂದ ಖಾತರಿ ಎಷ್ಟು ವರ್ಷವೆಂಬುದನ್ನೂ ನೋಡಬೇಕು.

ಜೂನ್ ತಿಂಗಳಲ್ಲಿ ನಮಗೆ ಪುಸ್ತಕದ ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವುದಿತ್ತು. ಹುಡುಗನನ್ನೂ ಜೊತೆಗೆ ಕರೆದುಕೊಂಡು ರಾತ್ರಿ ರೈಲು ಹತ್ತಿದೆವು. ಬಿಡಿಭಾಗಗಳ ವ್ಯಾಪಾರಕ್ಕೆ ಹೆಸರಾದ ಎಸ್.ಪಿ. ರಸ್ತೆಯಲ್ಲಿ ಒಂದರ ಮೈಗೆ ಒಂದು ಅಂಟಿದ ಅಂಗಡಿಗಳು, ನಡುವೆ ತಲೆಯ ಮೇಲೆ ಡಬ್ಬ ಹೊತ್ತು ಓಡುವ ಹಮಾಲರು. ಪಂಚೆ ಉಟ್ಟು ಕನ್ನಡಕ ಹಾಕಿದ ನಮ್ಮನ್ನು ಕಂಡು ಅಂಗಡಿಯ ಹುಡುಗರು ಪ್ರಿಂಟರ್ ಬೇಕೇ ಎಂದು ಕೇಳಿದರು. ಆರ್‌ಎಕ್ಸ್ 6600 ಎಂದಾಗ ಒಬ್ಬನು ಕುರ್ಚಿ ಕೊಟ್ಟ. ಐದು ಅಂಗಡಿಗಳಲ್ಲಿ ದರ ಬರೆಸಿಕೊಂಡೆವು. ಒಂದು ಕಡೆ ಬಿಲ್ಲು ಬೇಡವೆಂದರೆ ಇನ್ನಷ್ಟು ಇಳಿಸುವುದಾಗಿ ಹೇಳಿದರು. ಶೇಕಡಾ 18ರ ಜಿಎಸ್‌ಟಿ ಕಣ್ಣಿಗೆ ಭಾರವಾಗಿ ಕಾಣುವುದು ಸಹಜ. ಆದರೆ ಬಿಲ್ಲಿಲ್ಲದೆ ಖಾತರಿ ಕೇಳುವುದೆಂದರೆ ಸಾಕ್ಷಿಯಿಲ್ಲದೆ ಕೋರ್ಟಿಗೆ ಹೋದಂತೆ. ಮತ್ತೊಂದು ಕಡೆ ಪ್ರೊಸೆಸರನ್ನು ಡಬ್ಬವಿಲ್ಲದೆ ಬಿಡಿಯಾಗಿ ಕೊಡಬಂದರು. ಅಂಥದಕ್ಕೆ ಕಂಪನಿಯ ಮೂರು ವರ್ಷದ ಖಾತರಿ ಸಿಗುವುದಿಲ್ಲ, ತಂಪು ಮಾಡುವ ಫ್ಯಾನೂ ಬರುವುದಿಲ್ಲ. ವಿಂಡೋಸನ್ನು ಪರವಾನಗಿಯಿಲ್ಲದೆ ಪುಕ್ಕಟೆ ಹಾಕಿಕೊಡುವ ಔದಾರ್ಯವನ್ನೂ ತೋರಿದರು, ಅದನ್ನೂ ಬೇಡವೆಂದೆವು. ಆ ಖರ್ಚನ್ನು ಬೇರೆಯಾಗಿ ಹೊಂದಿಸಿದ ಕಥೆ ಇಲ್ಲಿ ಬೇಡ.

ಕಡೆಗೆ ಎರಡು ಅಂಗಡಿಗಳಲ್ಲಿ ಸೇರಿ ಕೊಂಡದ್ದರ ಲೆಕ್ಕ ಹೀಗಿದೆ. ಗ್ರಾಫಿಕ್ಸ್ ಕಾರ್ಡಿಗೆ 19,800, ಪ್ರೊಸೆಸರಿಗೆ 11,500, ಮದರ್‌ಬೋರ್ಡಿಗೆ 6,200, ಎಸ್‌ಎಂಪಿಎಸ್‌ಗೆ 4,000, ರ್‍ಯಾಮಿಗೆ 3,600, ಎಸ್‌ಎಸ್‌ಡಿಗೆ 3,200 ರೂಪಾಯಿ. ಕ್ಯಾಬಿನೆಟ್ಟಿಗೆ 2,700, ಮುಂಭಾಗ ಗಾಜಿನದಲ್ಲ, ಗಾಳಿಯಾಡುವ ಜಾಲರಿಯದು. ಹುಡುಗನಿಗೆ ದೀಪದ ಕ್ಯಾಬಿನೆಟ್ಟಿನ ಆಸೆ ಇನ್ನೂ ಪೂರ್ತಿ ಆರಿರಲಿಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ಗಾಜು ಮುಚ್ಚಿದ ಪೆಟ್ಟಿಗೆ ಒಲೆಯಾಗುತ್ತದೆಂದು ಹೇಳಬೇಕಾಯಿತು. 22 ಇಂಚಿನ ಮಾನಿಟರಿಗೆ 7,800, ಕೀಲಿಮಣೆ ಮತ್ತು ಮೌಸಿಗೆ 1,100. ಒಟ್ಟು 59,900. ಉಳಿದ ನೂರು ರೂಪಾಯಿಯಲ್ಲಿ ಇಬ್ಬರೂ ದೋಸೆ ತಿಂದೆವು. ಸಾಲದ್ದನ್ನು ನಾವು ಹಾಕಿದೆವು.

ಅಂಗಡಿಯಲ್ಲೇ ಜೋಡಿಸಿಕೊಡುತ್ತಿದ್ದರು. ಹುಡುಗ ಒಪ್ಪಲಿಲ್ಲ. ಮರುದಿನ ಊರಿನ ಮನೆಯ ಪಡಸಾಲೆಯಲ್ಲಿ ಮೇಜಿನ ಮೇಲೆ ಎಲ್ಲವನ್ನೂ ಹರಡಿ ಕುಳಿತ. ಆ ಜಾತಿಯ ಪ್ರೊಸೆಸರಿನ ಬೆನ್ನಿಗೆ ಕೂದಲೆಳೆಯಂತಹ 1,331 ಸೂಜಿಗಳಿರುತ್ತವೆ. ಒಂದು ಬಾಗಿದರೂ ಕೆಲಸ ಕೆಟ್ಟಿತು. ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಬೋರ್ಡಿನ ಗುರುತಿಗೆ ಹೊಂದಿಸಿ, ಒತ್ತದೆ, ತನ್ನ ಭಾರಕ್ಕೆ ತಾನೇ ಕೂರುವಂತೆ ಬಿಡಬೇಕು. ಅದನ್ನು ಹಿಡಿದ ಅವನ ಕೈ ಸಣ್ಣಗೆ ನಡುಗುತ್ತಿತ್ತು. ಬಾಗಿಲಲ್ಲಿ ನಿಂತ ಅವನ ತಂದೆ ಒಂದು ವರ್ಷದ ಮೆಣಸಿನಕಾಯಿ ಆ ಬೆರಳುಗಳ ನಡುವೆ ಇರುವುದನ್ನು ನೋಡುತ್ತಿದ್ದ. ಪ್ರೊಸೆಸರು ಸದ್ದಿಲ್ಲದೆ ಕೂತಿತು. ತಂದೆ ಹೊರಗೆ ಹೋಗಿ ಎಮ್ಮೆಗೆ ಮೇವು ಹಾಕಿ ಬಂದ.

ಎಲ್ಲ ಜೋಡಿಸಿ ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿದವು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ಅಕ್ಕ ಬೋರ್ಡಿನ ಕೈಪಿಡಿಯನ್ನು ತಿರುವುತ್ತಿದ್ದವಳು ಎದ್ದು ಬಂದು, ಮಾನಿಟರಿನ ತಂತಿಯನ್ನು ಮದರ್‌ಬೋರ್ಡಿನ ಕಿಂಡಿಯಿಂದ ಕಿತ್ತು ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೆ ಹಾಕಿದಳು. ರೈಜನ್ 5 5600ರೊಳಗೆ ಚಿತ್ರ ಬರೆಯುವ ಅಂಗವಿಲ್ಲ. ತಂತಿ ಕಾರ್ಡಿಗೇ ಹೋಗಬೇಕು. ಪರದೆ ಬೆಳಗಿತು. ಮುಂದೆ ಬಯಾಸಿನೊಳಗೆ ಹೋಗಿ ನೋಡಿದರೆ, 3200ರ ರ್‍ಯಾಮ್ 2400ರಲ್ಲಿ ಓಡುತ್ತಿತ್ತು. ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆರಿಸಿದ ಮೇಲೆ ತನ್ನ ಪೂರ್ಣ ವೇಗಕ್ಕೆ ಬಂತು. ಮಾನಿಟರೂ ಹಾಗೆಯೇ: ಸೆಕೆಂಡಿಗೆ 100 ಚಿತ್ರ ತೋರಿಸಬಲ್ಲದ್ದು, ವಿಂಡೋಸಿನಲ್ಲಿ ನಾವಾಗಿ ಹೇಳುವವರೆಗೆ 60ಕ್ಕೇ ನಿಂತಿತ್ತು. ದುಡ್ಡು ಕೊಟ್ಟು ತಂದ ವೇಗವನ್ನು ಬಳಸದೆ ವರ್ಷಗಟ್ಟಲೆ ಆಡುವವರು ಎಷ್ಟು ಜನರಿರಬಹುದೋ!

ಎರಡನೆಯ ದಿನ ಸೊಸೆ ಕ್ಯಾಬಿನೆಟ್ಟಿನ ಧೂಳು ಒರೆಸಲು ಹೋಗಿ ಕೈ ಹಿಂತೆಗೆದಳು. “ಮಾವಾರ, ಇದನ್ನ ಮುಟ್ಟಿದ್ರ ಜುಮ್ ಅಂತೈತ್ರಿ” ಎಂದಳು. ಯಂತ್ರದ ದೋಷವೆಂದು ಎಲ್ಲರೂ ಹೆದರಿದರು. ದೋಷವಿದ್ದದ್ದು ಮನೆಯಲ್ಲಿ. ಹಳೆಯ ಮನೆ, ಮೂರು ತೂತಿನ ಸಾಕೆಟ್ಟುಗಳಿದ್ದವು, ಆದರೆ ಮೂರನೆಯ ತೂತಿಗೆ ತಂತಿಯೇ ಇರಲಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ಒಳಗಿನ ಶೋಧಕದಿಂದ ಸೋರುವ ಅತಿ ಸಣ್ಣ ವಿದ್ಯುತ್ತು ಭೂಮಿಗೆ ಇಳಿಯದೆ ಕಬ್ಬಿಣದ ಮೈಯಲ್ಲಿ ನಿಲ್ಲುತ್ತದೆ. ಊರಿನ ಎಲೆಕ್ಟ್ರಿಷಿಯನ್ನನು ಬಂದು ಹಿತ್ತಲಲ್ಲಿ ಗುಂಡಿ ತೋಡಿ, ತಾಮ್ರದ ತಗಡನ್ನು ಉಪ್ಪು ಇದ್ದಿಲುಗಳ ನಡುವೆ ಹುಗಿದು, ಅಲ್ಲಿಂದ ತಂತಿ ಎಳೆದ. ಈ ಒಂದು ಯಂತ್ರದ ನೆವದಿಂದ ತೊಳೆಯುವ ಯಂತ್ರ, ನೀರಿನ ಮೋಟಾರುಗಳಿಗೂ ಅರ್ಥಿಂಗ್ ಬಂತು. ಓದುಗ ಬಂಧುಗಳಲ್ಲಿ ಹಳೆಯ ಮನೆಗಳಲ್ಲಿ ಇರುವವರು ಗಣಕಯಂತ್ರ ತರುವ ಮೊದಲೇ ಇದನ್ನು ನೋಡಿಸಿಕೊಳ್ಳುವುದು ಒಳಿತು. ಹೇಳದೆ ಹೋಗುವ ಕರೆಂಟಿಗಾಗಿ 600 ವಿಎ ಯುಪಿಎಸ್ ಒಂದನ್ನು ನಾವು ನಮ್ಮ ಪಿಂಚಣಿಯಿಂದ ಕೊಟ್ಟೆವು. ಅದು ಹೊರುವುದು ಸುಮಾರು 360 ವಾಟನ್ನು, ಅದೂ ಕೆಲವೇ ನಿಮಿಷ. ಆಟವನ್ನು ಉಳಿಸಿ ಯಂತ್ರವನ್ನು ಸರಿಯಾಗಿ ಆರಿಸಲು ಅಷ್ಟು ಹೊತ್ತು ಸಾಕು.

ರಾಜಿ ಆಟವನ್ನು ಹುಡುಗ ನಮಗಾಗಿಯೇ ಒಂದು ಸಂಜೆ ಆಡಿ ತೋರಿಸಿದ. ಕಥೆ ಹೇಳುವ ಭಾಗಗಳಲ್ಲಿ ನೆರಳಿನ ಬೊಂಬೆಗಳು ಪರದೆಯ ಮೇಲೆ ಚಲಿಸಿದಾಗ, ಬಾಲ್ಯದಲ್ಲಿ ಜಾತ್ರೆಗಳಲ್ಲಿ ನೋಡಿದ ತೊಗಲುಗೊಂಬೆಗಳು ನೆನಪಿಗೆ ಬಂದವು. ಅವನು ಸೋತಾಗಲೆಲ್ಲ “ಇನ್ನೊಂದು ಸಲ ಅಜ್ಜಾರ” ಎನ್ನುತ್ತಿದ್ದ. ಊಟದ ಹೊತ್ತು ಮೀರಿತ್ತು.

ಇದನ್ನೆಲ್ಲ ಕೇಳಿದ ಕೆಲವು ಬಂಧುಗಳು ಅದೇ ಪಟ್ಟಿಯನ್ನು ಕಳುಹಿಸಿರೆಂದು ಕೇಳುತ್ತಾರೆ. ಪಟ್ಟಿ ಕೊಡಬಹುದು, ದರ ಕೊಡಲಾಗದು. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ಎರಡು ಪಟ್ಟನ್ನೂ ಮೀರಿ ಏರಿತು. ಕೃತಕ ಬುದ್ಧಿಮತ್ತೆಗೆಂದು ಜಗತ್ತಿನಾದ್ಯಂತ ಕಟ್ಟುತ್ತಿರುವ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ರಾಶಿರಾಶಿಯಾಗಿ ಕೊಳ್ಳತೊಡಗಿದ್ದೇ ಇದಕ್ಕೆ ಕಾರಣ. ಮೈಕ್ರಾನ್ ಕಂಪನಿಯಂತೂ ಕ್ರೂಶಿಯಲ್ ಎಂಬ ಹೆಸರಿನಲ್ಲಿ ಮನೆಬಳಕೆಯವರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ವರ್ಷದ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಮನೆಯಲ್ಲಿ ಹಳೆಯ ಗಣಕಯಂತ್ರವಿದ್ದು ಅದರಲ್ಲಿ ಡಿಡಿಆರ್4 ರ್‍ಯಾಮ್ ಇದ್ದರೆ, ಅದನ್ನು ಕಿತ್ತು ಇಟ್ಟುಕೊಂಡು ಅದಕ್ಕೆ ಒಪ್ಪುವ ಬೋರ್ಡನ್ನು ಹುಡುಕುವುದು ಇಂಥ ಕಾಲದಲ್ಲಿ ಜಾಣತನ. ಮದುವೆಯ ಚಿನ್ನದಂತೆ ರ್‍ಯಾಮನ್ನು ಕಾಪಾಡಿಟ್ಟುಕೊಳ್ಳುವ ದಿನ ಬಂದೀತೆಂದು ಯಾರು ತಿಳಿದಿದ್ದರು!

ಹುಡುಗ ಈಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದಾನೆ. ಯಂತ್ರವನ್ನು ಅಲ್ಲಿಗೆ ಒಯ್ಯುವಂತಿಲ್ಲ. ರಜೆಗೆ ಬಂದಾಗ ಆಡುತ್ತಾನೆ. ಉಳಿದ ದಿನಗಳಲ್ಲಿ ಅದು ಅಕ್ಕನದು. ಕಳೆದ ಸುಗ್ಗಿಯಲ್ಲಿ ಅವಳ ತಂದೆ, ಯಾರೂ ಕೇಳದೆಯೇ, 1 ಟಿಬಿಯ ಇನ್ನೊಂದು ಎಸ್‌ಎಸ್‌ಡಿ ತಂದುಕೊಟ್ಟ. ಅದನ್ನು ಬೋರ್ಡಿಗೆ ಕೂರಿಸಿದವಳು ಅವಳೇ.